ಹೆಚ್ಚು ಮತ ಬಿದ್ದವರು ಸೋತದ್ದು ಹೇಗೆ? ಅಮೆರಿಕದ ಚುನಾವಣೆಯನ್ನು ತರಗತಿಯಲ್ಲಿ ಆಡಿಸುವ ಬಗೆ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ನಾನು. ಹತ್ತನೇ ತರಗತಿಯ 38 ಮಕ್ಕಳಿಂದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪಾತ್ರಾಭಿನಯ ಚರ್ಚೆ ಮಾಡಿಸಿದೆ. ಇಬ್ಬರು ಅಭ್ಯರ್ಥಿಗಳಾಗಿ ಬಾಯಿಪಾಠದ ಭಾಷಣ ಒಪ್ಪಿಸಿದರು. ಅದರಲ್ಲಿ ಒಬ್ಬ ಟಿವಿಯಲ್ಲಿ ಕಂಡವರ ಅನುಕರಣೆ ಮಾಡಿದ, ಎಲ್ಲರೂ ನಕ್ಕರು. ಉಳಿದ 36 ಮಂದಿ ಕೈಕಟ್ಟಿ ಕೂತಿದ್ದರು. ಕೊನೆಗೆ ಕೈ ಎತ್ತಿಸಿ ಮತ ಎಣಿಸಿದೆ. ಮರುದಿನ ಒಬ್ಬ ಹುಡುಗಿ, "2016ರಲ್ಲಿ ಹೆಚ್ಚು ಮತ ಸಿಕ್ಕಿದವರು ಸೋತರಂತೆ, ಅದು ಹೇಗೆ ಟೀಚರ್?" ಎಂದು ಕೇಳಿದಳು. ನಾವು ಆಡಿದ ಆಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನಗೆ ಸಿಗುವುದು 40 ನಿಮಿಷದ ಮೂರು ಪೀರಿಯಡ್. ಹೇಗೆ ಮಾಡಿಸಬೇಕು?

ಉತ್ತರ: ಆ ಹುಡುಗಿಯ ಪ್ರಶ್ನೆಯನ್ನೇ ಬುಡದಲ್ಲಿಟ್ಟು ಆಟ ಕಟ್ಟಿ. ಕೈ ಎತ್ತಿಸಿ ಎಣಿಸಿದ ಗಳಿಗೆಗೇ ಅದು ಅಮೆರಿಕದ ಚುನಾವಣೆಯಾಗಿ ಉಳಿಯಲಿಲ್ಲ. ಅಲ್ಲಿ ದೇಶದ ಮತವನ್ನೆಲ್ಲ ಒಂದೇ ಬುಟ್ಟಿಗೆ ಸುರಿದು ಎಣಿಸುವುದಿಲ್ಲ, ರಾಜ್ಯ ರಾಜ್ಯವಾಗಿ ಎಣಿಸುತ್ತಾರೆ. ಅಭ್ಯರ್ಥಿ ಎಲ್ಲಿಗೆ ಹೋಗುತ್ತಾನೆ, ಅಲ್ಲಿ ಏನು ಮಾತಾಡುತ್ತಾನೆ, ಯಾವ ಊರನ್ನು ಪೂರ್ತಿ ಮರೆತುಬಿಡುತ್ತಾನೆ ಎಂಬುದೆಲ್ಲ ಈ ಎಣಿಕೆಯಿಂದ ಹುಟ್ಟುತ್ತದೆ. ಆದ್ದರಿಂದ ಮೊದಲ ಬದಲಾವಣೆ ಇದು: ತರಗತಿಯ ಹೆಚ್ಚಿನ ಮಕ್ಕಳು ಅಭ್ಯರ್ಥಿಯ ಕಡೆಯವರಾಗಬಾರದು, ಮತದಾರರಾಗಬೇಕು. ಕೇಳುವವರು ಗಟ್ಟಿಯಿದ್ದರೆ ಮಾತಾಡುವವರು ತಾವಾಗಿ ಬಾಯಿಪಾಠ ಬಿಡುತ್ತಾರೆ.

ಪಾತ್ರ ವಹಿಸಿ ವಾದಿಸುವುದು ನಿಮ್ಮ ಮಕ್ಕಳಿಗೆ ಹೊಸತಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳದ ಮನೆ ಕಡಿಮೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಆದರೂ ವಾಲಿ ವಾಲಿಯಾಗಿಯೇ ಮಾತಾಡುತ್ತಾನೆ, ರಾಮ ರಾಮನಾಗಿಯೇ ಉತ್ತರ ಕೊಡುತ್ತಾನೆ. ಇವತ್ತು ರಾಮನ ಅರ್ಥ (ಪಾತ್ರದ ಮಾತು) ಹೇಳಿದವರು ಇನ್ನೊಂದು ದಿನ ವಾಲಿಯ ಅರ್ಥಕ್ಕೆ ಕೂರುತ್ತಾರೆ, ಅವರ ನಿಷ್ಠೆ ಬದಲಾಯಿತೆಂದು ಯಾರೂ ಹೇಳುವುದಿಲ್ಲ. ಇದಿರು ಕೂತವರ ಮಾತಿಗೆ ಉತ್ತರ ಕೊಡದೆ ತನ್ನದೇ ಪೀಠಿಕೆ ಎಳೆಯುವವರನ್ನು ಸಭೆ ಮೆಚ್ಚುವುದಿಲ್ಲ. ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡರೆ ಎಂಥ ಅರ್ಥಧಾರಿಯೂ ಮಾತು ನಿಲ್ಲಿಸಬೇಕು. ಒಳ್ಳೆಯ ಪಾತ್ರಾಭಿನಯ ಚರ್ಚೆಗೆ ಬೇಕಾದ ನಿಯಮಗಳೆಲ್ಲ ಇಲ್ಲೇ ಇವೆ. ಮಕ್ಕಳಿಗೆ "ರೋಲ್ ಪ್ಲೇ" ಎನ್ನುವ ಬದಲು "ಇವತ್ತು ಅರ್ಥ ಹೇಳಲಿಕ್ಕಿದೆ" ಎನ್ನಿ. ಅರ್ಧ ವಿವರಣೆ ಕೊಡುವುದು ತಪ್ಪುತ್ತದೆ.

ಇನ್ನು ಲೆಕ್ಕ. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವವರು 538 ಮಂದಿ ಎಲೆಕ್ಟರುಗಳು. ಅಲ್ಲಿನ ಸಂಸತ್ತಿನ ಎರಡು ಸದನಗಳಾದ ಪ್ರತಿನಿಧಿ ಸಭೆಯ 435, ಸೆನೆಟಿನ 100 ಸ್ಥಾನಗಳ ಲೆಕ್ಕಕ್ಕೆ ರಾಜಧಾನಿ ವಾಷಿಂಗ್ಟನ್ನಿನ 3 ಸೇರಿದರೆ ಈ ಸಂಖ್ಯೆ. ಗೆಲ್ಲಲು 270 ಬೇಕು. 48 ರಾಜ್ಯಗಳಲ್ಲಿ ಮತ್ತು ರಾಜಧಾನಿಯಲ್ಲಿ ಒಂದೇ ಒಂದು ಮತ ಹೆಚ್ಚು ಬಿದ್ದರೂ ಅಲ್ಲಿನ ಅಷ್ಟೂ ಎಲೆಕ್ಟರುಗಳು ಗೆದ್ದವರಿಗೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಕ್ಷೇತ್ರವಾರು ಹಂಚುತ್ತವೆ. ಇದನ್ನು "ಎಲೆಕ್ಟೋರಲ್ ಕಾಲೇಜ್" ಎಂದಷ್ಟೇ ಹೇಳಿ ಬಿಟ್ಟರೆ ಅದೊಂದು ಕಾಲೇಜು ಎಂದೇ ಕೆಲವು ಮಕ್ಕಳು ಬರೆಯುತ್ತಾರೆ. "ಮತದಾರ ಮಂಡಳಿ" ಎಂದು ಮೊದಲು ಹೇಳಿ, ಆಮೇಲೆ ಇಂಗ್ಲಿಷ್ ಹೆಸರು ಕೊಡಿ.

50 ರಾಜ್ಯಗಳನ್ನೂ ತರಗತಿಗೆ ತರಬೇಡಿ. 2024ರಲ್ಲಿ ನಿರ್ಣಾಯಕ ಎನಿಸಿದ ಏಳು ರಾಜ್ಯ ಸಾಕು: ಪೆನ್ಸಿಲ್ವೇನಿಯಾ 19, ಜಾರ್ಜಿಯಾ 16, ನಾರ್ತ್ ಕೆರೊಲಿನಾ 16, ಮಿಷಿಗನ್ 15, ಅರಿಝೋನಾ 11, ವಿಸ್ಕಾನ್ಸಿನ್ 10, ನೆವಾಡಾ 6. ಒಟ್ಟು 93. ಈ ಏಳನ್ನು ತೆಗೆದಿಟ್ಟರೆ ಆ ವರ್ಷ ಕಮಲಾ ಹ್ಯಾರಿಸ್ ಅವರಿಗೆ ಉಳಿದದ್ದು 226, ಡೊನಾಲ್ಡ್ ಟ್ರಂಪ್ ಅವರಿಗೆ 219. ಏಳೂ ರಾಜ್ಯ ಗೆದ್ದ ಟ್ರಂಪ್ 312ಕ್ಕೆ ಮುಟ್ಟಿದರು. ನಿಮ್ಮ ಆಟ ಇಲ್ಲಿಂದ ಶುರುವಾಗಲಿ. ಹಲಗೆಯ ಮೇಲೆ ಒಂದು ತಂಡಕ್ಕೆ 226, ಇನ್ನೊಂದಕ್ಕೆ 219 ಬರೆದು, "ನಿಮಗೆ ಇನ್ನೆಷ್ಟು ಬೇಕು? ಅದನ್ನು ಎಲ್ಲಿಂದ ತರುತ್ತೀರಿ?" ಎಂದಷ್ಟೇ ಕೇಳಿ.

226ರ ತಂಡಕ್ಕೆ ಬೇಕಾದದ್ದು 44. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಕೂಡಿಸಿದರೆ ಸರಿಯಾಗಿ 44. 219ರ ತಂಡಕ್ಕೆ ಬೇಕಾದದ್ದು 51. ಪೆನ್ಸಿಲ್ವೇನಿಯಾ, ಜಾರ್ಜಿಯಾ, ನಾರ್ತ್ ಕೆರೊಲಿನಾ ಕೂಡಿಸಿದರೆ ಸರಿಯಾಗಿ 51. ಎರಡು ದಾರಿಯಲ್ಲೂ ಪೆನ್ಸಿಲ್ವೇನಿಯಾ ಬಂತು. ನಿಜವಾದ ಪ್ರಚಾರದಲ್ಲಿ ಇಬ್ಬರೂ ಅಲ್ಲಿಗೆ ಮತ್ತೆ ಮತ್ತೆ ಹೋದದ್ದು ಯಾಕೆಂದು ಮಕ್ಕಳಿಗೆ ಆಗ ತಾನಾಗಿ ಹೊಳೆಯುತ್ತದೆ. ದಯವಿಟ್ಟು ಈ ಕೂಡಿಕೆಯನ್ನು ನೀವೇ ಹೇಳಿಬಿಡಬೇಡಿ. ಹತ್ತು ನಿಮಿಷ ಹೋದರೂ ಹೋಗಲಿ, ಅವರೇ ಕೂಡಿಸಿ ಕಂಡುಹಿಡಿಯಲಿ. ಇಡೀ ಪಾಠದಲ್ಲಿ ಇದಕ್ಕಿಂತ ಬೆಲೆಯುಳ್ಳ ಹತ್ತು ನಿಮಿಷ ಇಲ್ಲ.

38 ಮಕ್ಕಳನ್ನು ಹಂಚುವುದು ಹೀಗೆ. ಏಳು ರಾಜ್ಯಗಳಿಗೆ ಮೂವರಂತೆ 21 ಮತದಾರರು. ಐದೈದು ಮಂದಿಯ ಎರಡು ಪ್ರಚಾರ ತಂಡ: ಅಭ್ಯರ್ಥಿ, ಉಪಾಧ್ಯಕ್ಷ ಅಭ್ಯರ್ಥಿ, ಪ್ರಚಾರದ ಮೇಲ್ವಿಚಾರಕ, ಖರ್ಚಿನ ಲೆಕ್ಕ ಇಡುವವರು, ಮಾತು ಬರೆಯುವವರು. ಮೂವರು ಪತ್ರಕರ್ತರು, ಹೇಳಿದ್ದು ನಿಜವೇ ಎಂದು ಪರಿಶೀಲಿಸುವವರು ಇಬ್ಬರು, ಚುನಾವಣಾಧಿಕಾರಿಗಳು ಇಬ್ಬರು. ಮಕ್ಕಳು ಕಡಿಮೆ ಬಂದ ದಿನ ಪತ್ರಕರ್ತರನ್ನೋ ಪರಿಶೀಲಕರನ್ನೋ ಕಡಿಮೆ ಮಾಡಿ, ರಾಜ್ಯದ ಮೂವರನ್ನು ಮಾತ್ರ ಮುಟ್ಟಬೇಡಿ. ಇಬ್ಬರಾದರೆ ಮತ ಸಮ ಆಗಿ ಆಟ ನಿಲ್ಲುತ್ತದೆ.

ಅಭ್ಯರ್ಥಿಗಳಿಗೆ ಟ್ರಂಪ್, ಹ್ಯಾರಿಸ್ ಎಂಬ ಹೆಸರು ಕೊಡಬೇಡಿ. ಪಕ್ಷಕ್ಕೂ ನಿಜ ಹೆಸರು ಬೇಡ. ನಿಜ ಹೆಸರು ಕೊಟ್ಟರೆ ಮಗು ಆ ವ್ಯಕ್ತಿಯ ಧ್ವನಿ, ಕೈಸನ್ನೆ ಹುಡುಕುತ್ತದೆ, ವಾದ ಹುಡುಕುವುದಿಲ್ಲ. ಮೇಲಾಗಿ ಗೆದ್ದದ್ದು ಯಾರೆಂದು ಎಲ್ಲರಿಗೂ ಗೊತ್ತಿರುವುದರಿಂದ ಮತದಾರರು ಯೋಚಿಸುವ ಗೋಜಿಗೇ ಹೋಗುವುದಿಲ್ಲ. ಅಭ್ಯರ್ಥಿಗೆ ಬೇಕಾದದ್ದು ನಾಲ್ಕು ವಿಷಯಗಳ ಮೇಲೆ ಒಂದೊಂದು ಸಾಲಿನ ನಿಲುವು: ಬೆಲೆಯೇರಿಕೆ, ಇಂಧನ, ವಲಸೆ, ಆರೋಗ್ಯದ ಖರ್ಚು. ಇಷ್ಟಿದ್ದರೆ ಉಳಿದದ್ದನ್ನು ಅವರೇ ಬೆಳೆಸುತ್ತಾರೆ.

ನಿಮ್ಮ ಶ್ರಮದ ಮುಕ್ಕಾಲು ಪಾಲು ಹೋಗಬೇಕಾದದ್ದು ಮತದಾರರ 21 ಕಾರ್ಡುಗಳಿಗೆ. ಅರ್ಧ ಹಾಳೆಯಲ್ಲಿ ನಾಲ್ಕು ಸಂಗತಿ ಇರಲಿ: ಕೆಲಸ, ಬೇಕಾದದ್ದು ಎರಡು, ಹೆದರಿಕೆ ಒಂದು, ಮತ್ತು ಯಾವ ಮಾತು ಕೇಳಿದರೆ ಮನಸ್ಸು ಬದಲಾದೀತು ಎಂಬುದು. ಪೆನ್ಸಿಲ್ವೇನಿಯಾದ ಒಂದು ಕಾರ್ಡು ಹೀಗಿರಬಹುದು: "ನೀವು ಲಾರಿ ಚಾಲಕ. ನೆಲದಾಳದ ಬಂಡೆ ಒಡೆದು ನೈಸರ್ಗಿಕ ಅನಿಲ ತೆಗೆಯುವ ಬಾವಿಗಳಿಗೆ ನೀರು ಸಾಗಿಸುತ್ತೀರಿ. ಆ ಕೆಲಸ ಉಳಿಯಬೇಕು, ಡೀಸೆಲ್ ಬೆಲೆ ಇಳಿಯಬೇಕು. ನಿಮ್ಮ ಮನೆಯ ಬಾವಿಯ ನೀರು ಕೆಟ್ಟೀತೆಂಬ ಹೆದರಿಕೆಯೂ ಇದೆ. ಕೆಲಸ ಹೋದರೆ ಬದಲಿ ಕೆಲಸ ಯಾವುದೆಂದು ಸ್ಪಷ್ಟವಾಗಿ ಹೇಳಿದವರ ಮಾತನ್ನು ಕೇಳುತ್ತೀರಿ." ಒಬ್ಬ ಮನುಷ್ಯನೊಳಗೇ ಎರಡು ಎಳೆತ ಇರುವುದು ಮುಖ್ಯ. ಒಂದೇ ಬೇಡಿಕೆಯ ಕಾರ್ಡು ಕೊಟ್ಟರೆ ಮಗು ಅದನ್ನೇ ಕೂಗುತ್ತದೆ. ದುಡಿಮೆ ಬೇಕು, ನೀರೂ ಬೇಕು ಎಂಬ ಸಂಕಟ ಬೇರೆ ಮಕ್ಕಳಿಗೆ ವಿವರಿಸಿ ಹೇಳಬೇಕಾದೀತು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲದ ನಿಮ್ಮ ಮಕ್ಕಳು ಅದನ್ನು ಹೇಳದೆಯೇ ತಿಳಿಯುತ್ತಾರೆ.

ಉಳಿದ ರಾಜ್ಯಗಳಿಗೂ ಅಲ್ಲಲ್ಲಿನ ಬದುಕಿನಿಂದಲೇ ಕಾರ್ಡು ಮಾಡಿ. ಮಿಷಿಗನ್‌ಗೆ ಕಾರು ಕಾರ್ಖಾನೆಯ ಯೂನಿಯನ್ ಕಾರ್ಮಿಕ. ವಿಸ್ಕಾನ್ಸಿನ್‌ಗೆ ಹೈನುಗಾರ, ಅದು ಹಾಲು ಮತ್ತು ಚೀಸಿನ ನಾಡು. ಅರಿಝೋನಾಕ್ಕೆ ಮೆಕ್ಸಿಕೋ ಗಡಿಯ ಊರಿನ ಅಂಗಡಿಯವರು, ಕೊಲೊರಾಡೋ ನದಿನೀರು ನಂಬಿದ ರೈತ. ನಾರ್ತ್ ಕೆರೊಲಿನಾದ ಪಶ್ಚಿಮಕ್ಕೆ 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರು. ನೆವಾಡಾಕ್ಕೆ ಲಾಸ್ ವೇಗಸ್‌ನ ಹೋಟೆಲ್ ಕೆಲಸಗಾರರು. ನೆವಾಡಾದ ಕಾರ್ಡಿನ ಹಿಂದೆ ಒಂದು ನಿಜ ಸಂಗತಿಯಿದೆ: 2024ರ ಜೂನಿನಲ್ಲಿ ಟ್ರಂಪ್, ಆಗಸ್ಟಿನಲ್ಲಿ ಹ್ಯಾರಿಸ್, ಇಬ್ಬರೂ ಲಾಸ್ ವೇಗಸ್‌ನಲ್ಲೇ ನಿಂತು ಟಿಪ್ಸ್ ಹಣದ ಮೇಲಿನ ಆದಾಯ ತೆರಿಗೆ ತೆಗೆಯುತ್ತೇವೆಂದರು. ಆರು ಎಲೆಕ್ಟರುಗಳ ರಾಜ್ಯವೊಂದರ ಕೆಲಸಗಾರರ ಬೇಡಿಕೆ ಇಬ್ಬರ ಬಾಯಲ್ಲೂ ಬಂದದ್ದನ್ನು ಆಟ ಮುಗಿದ ಮೇಲೆ ಹೇಳಿ.

ಮೈಬಣ್ಣ, ಧರ್ಮ, ಮಾತಿನ ಧಾಟಿಯನ್ನು ಪಾತ್ರವಾಗಿ ಕೊಡಬೇಡಿ. ಕಪ್ಪು ಜನರ ಮತ ಜಾರ್ಜಿಯಾದಲ್ಲಿ ಬಹಳ ಮುಖ್ಯ, ಅದನ್ನು ಪಾಠವಾಗಿ ಹೇಳಲೇಬೇಕು. ಆದರೆ "ನೀನು ಕಪ್ಪು ಮತದಾರ" ಎಂದು ಕಾರ್ಡು ಕೊಟ್ಟರೆ ಮಗು ನಟಿಸುವುದು ತನಗೆ ಗೊತ್ತಿಲ್ಲದ ಮನುಷ್ಯರ ಅಣಕವನ್ನು. ಕಾರ್ಡಿನಲ್ಲಿ ಬದುಕಿನ ಪ್ರಶ್ನೆ ಇರಲಿ, ಗುರುತಿನ ಚೀಟಿ ಬೇಡ.

ಮೊದಲ ಪೀರಿಯಡ್ಡಿನಲ್ಲಿ ನಕ್ಷೆ, ಲೆಕ್ಕ, ಕಾರ್ಡು ಓದುವುದು, ತಂಡಗಳ ಯೋಜನೆ ಮುಗಿಯಲಿ. ಪ್ರತಿ ತಂಡಕ್ಕೆ 14 ಹುಣಿಸೆಬೀಜ ಕೊಡಿ. ಅದೇ ಅವರ ಹಣ, ಅದೇ ಅವರ ಸಮಯ. ಅಭ್ಯರ್ಥಿ ಒಂದು ರಾಜ್ಯಕ್ಕೆ ಹೋದರೆ 3 ಬೀಜ, ಉಪಾಧ್ಯಕ್ಷ ಅಭ್ಯರ್ಥಿ ಹೋದರೆ 2, ಜಾಹೀರಾತಿನ ಚೀಟಿ ಕಳಿಸಿದರೆ 1. ಎರಡನೇ ಪೀರಿಯಡ್ಡಿನಲ್ಲಿ ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ಇಬ್ಬರೂ ಒಂದೊಂದು ರಾಜ್ಯಕ್ಕೆ ಹೋದರೆ 15 ಬೀಜ ಬೇಕು, ಇರುವುದು 14. ಈ ಒಂದು ಬೀಜದ ಕೊರತೆ ಬೇಕೆಂದೇ ಇಟ್ಟದ್ದು. ಎಲ್ಲಿಗೆ ಹೋಗಬಾರದು ಎಂದು ತೀರ್ಮಾನಿಸುವಾಗಲೇ ಪ್ರಚಾರ ಅರ್ಥವಾಗುವುದು. 20 ಬೀಜ ಕೊಟ್ಟರೆ ಎಲ್ಲ ಕಡೆಗೂ ಹೋಗುತ್ತಾರೆ, ಚರ್ಚೆಯೇ ಏಳುವುದಿಲ್ಲ.

ಒಂದು ಸುತ್ತಿಗೆ ಎಂಟು ನಿಮಿಷ. ಭೇಟಿ ನಾಲ್ಕು ನಿಮಿಷದ್ದು: ಒಂದೂವರೆ ನಿಮಿಷ ಮಾತು, ಉಳಿದದ್ದು ಮೂವರು ಮತದಾರರ ಒಂದೊಂದು ಪ್ರಶ್ನೆಗೆ. ಎರಡು ತಂಡ ಒಂದೇ ರಾಜ್ಯಕ್ಕೆ ಬಂದರೆ ನಾಣ್ಯ ಚಿಮ್ಮಿ ಸರದಿ ಗೊತ್ತು ಮಾಡಿ, ಎರಡನೆಯವರು ದೂರ ನಿಲ್ಲಲಿ. ಗಲಾಟೆಯಾಗುವುದು ಖಂಡಿತ. ಮೂರು ರಾಜ್ಯಗಳನ್ನು ಜಗಲಿಗೆ ಕಳಿಸಿದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಸುತ್ತುಗಳ ನಡುವೆ ಮೂರು ನಿಮಿಷ ತಂಡಗಳು ತಮ್ಮೊಳಗೆ ತುಳುವಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಮಾತಾಡಿಕೊಳ್ಳಲಿ, ಮನೆಮಾತಿನಲ್ಲಿ ಯೋಚನೆ ಬೇಗ ಓಡುತ್ತದೆ. ಮತದಾರರ ಮುಂದೆ ಮಾತ್ರ ಕನ್ನಡ, ಯಾಕೆಂದರೆ ಪತ್ರಕರ್ತರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕು.

ಈ ಪತ್ರಕರ್ತರೇ ಆಟದ ಕೀಲಿ. ಅವರ ಕೈಯಲ್ಲಿ ಮೂರು ಕಾಲಮಿನ ಹಾಳೆ: ರಾಜ್ಯ, ಕೊಟ್ಟ ಭರವಸೆ, ಆಡಿದ ಶಬ್ದ. ಪೆನ್ಸಿಲ್ವೇನಿಯಾದಲ್ಲಿ "ಅನಿಲ ತೆಗೆಯುವುದನ್ನು ಮುಂದುವರಿಸುತ್ತೇವೆ" ಎಂದವರು ಅರಿಝೋನಾದಲ್ಲಿ "ನೀರು ಕೆಡಿಸುವ ಗಣಿಗಾರಿಕೆಗೆ ತಡೆ" ಎಂದದ್ದು ಅಲ್ಲಿ ದಾಖಲಾಗುತ್ತದೆ. ಮೂರನೇ ದಿನದ ಚರ್ಚೆಯಲ್ಲಿ ಆ ಎರಡು ಸಾಲನ್ನೂ ಓದಿ ಹೇಳಿ ಉತ್ತರ ಕೇಳಲಿ. ಬಾಯಿಪಾಠದ ಭಾಷಣ ಇದರ ಮುಂದೆ ನಿಲ್ಲುವುದಿಲ್ಲ.

ಚರ್ಚೆಯ ನಿಯಮಗಳನ್ನು ನೀವು ಹೊಸದಾಗಿ ಮಾಡಬೇಕಿಲ್ಲ. ಟಿವಿಯ ಮೊದಲ ಅಧ್ಯಕ್ಷೀಯ ಚರ್ಚೆ ನಡೆದದ್ದು 1960ರ ಸೆಪ್ಟೆಂಬರ್ 26ರಂದು ಶಿಕಾಗೋದಲ್ಲಿ, ಕೆನಡಿ ಮತ್ತು ನಿಕ್ಸನ್ ನಡುವೆ. ತರಗತಿಗೆ ಹೆಚ್ಚು ಒಗ್ಗುವುದು 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಬೈಡನ್ ಮತ್ತು ಟ್ರಂಪ್ ನಡುವೆ ನಡೆದ ಚರ್ಚೆಯ ನಿಯಮಗಳು. ಸಭಿಕರಿರಲಿಲ್ಲ. ಉತ್ತರಕ್ಕೆ ಎರಡು ನಿಮಿಷ, ಪ್ರತ್ಯುತ್ತರಕ್ಕೆ ಒಂದು ನಿಮಿಷ. ತನ್ನ ಸರದಿ ಅಲ್ಲದಾಗ ಮೈಕ್ ಬಂದ್. ಬರೆದು ತಂದ ಟಿಪ್ಪಣಿ ಇಲ್ಲ. ಪೆನ್ನು, ಖಾಲಿ ಹಾಳೆ, ಒಂದು ಬಾಟಲಿ ನೀರು ಮಾತ್ರ. ನೀವು ಸಮಯವನ್ನು ಅರ್ಧಕ್ಕಿಳಿಸಿ: ಉತ್ತರ ಒಂದು ನಿಮಿಷ, ಪ್ರತ್ಯುತ್ತರ ಅರ್ಧ ನಿಮಿಷ. ನಾಲ್ಕು ಪ್ರಶ್ನೆಗೆ ಹನ್ನೆರಡು ನಿಮಿಷ. ನಿರೂಪಕರ ಕೈಗೆ ತಾಳ ಕೊಡಿ, ತಾಳ ಬಿದ್ದರೆ ಮಾತು ನಿಲ್ಲಬೇಕು. ಎದುರಾಳಿಯ ರೂಪ, ಮನೆತನ, ಧ್ವನಿಯ ಬಗ್ಗೆ ಮಾತು ಬಂದರೂ ತಾಳ ಬೀಳುತ್ತದೆ, ಆ ಸರದಿ ಅಲ್ಲಿಗೇ ಮುಗಿಯುತ್ತದೆ. ಬೈಗುಳಕ್ಕೆ ಉಪದೇಶ ಕೊಡುತ್ತ ಕೂರುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಊರಿನ ಪಕ್ಷಗಳ ಬಾವುಟ, ಬಣ್ಣ, ಘೋಷಣೆ ತರಗತಿಯೊಳಗೆ ಬರಕೂಡದು ಎಂಬುದನ್ನು ಮೊದಲ ದಿನವೇ ಹೇಳಿ. ಒಮ್ಮೆ ಆ ಗಾಳಿ ಹೊಕ್ಕರೆ ಪೆನ್ಸಿಲ್ವೇನಿಯಾದ ಮಾತು ಯಾರೂ ಕೇಳುವುದಿಲ್ಲ.

ಮತದಾನ ಗುಟ್ಟಿನ ಚೀಟಿಯಲ್ಲಿ. ಚೀಟಿಯ ಕೆಳಗೆ ಒಂದು ಸಾಲು ಕಾರಣ ಬರೆಯಲೇಬೇಕು, ಆ ಕಾರಣ ಕಾರ್ಡಿನಲ್ಲಿದ್ದ ಬೇಡಿಕೆಗೋ ಹೆದರಿಕೆಗೋ ತಾಗಿರಬೇಕು. ಇಲ್ಲದಿದ್ದರೆ ಅಧಿಕಾರಿಗಳು ಅದನ್ನು ಹಿಂದೆ ಕೊಟ್ಟು ಮತ್ತೊಮ್ಮೆ ಬರೆಸಲಿ. ಈ ಸಾಲಿಲ್ಲದಿದ್ದರೆ ಗೆಳೆಯನಿಗೆ ಗೆಳೆಯ, ಹುಡುಗರಿಗೆ ಹುಡುಗ, ಹುಡುಗಿಯರಿಗೆ ಹುಡುಗಿ ಎಂದು ಮತ ಬೀಳುತ್ತದೆ. ಇಂಥ ಆಟ ಕೆಡುವುದು ಹೆಚ್ಚಾಗಿ ಇಲ್ಲೇ. ನಿರಂತರ ಮೌಲ್ಯಮಾಪನಕ್ಕೆ ಅಂಕ ಕೊಡುವುದಿದ್ದರೂ ಈ ಸಾಲಿಗೆ ಮತ್ತು ಪತ್ರಕರ್ತರ ಹಾಳೆಗೆ ಕೊಡಿ, ಭಾಷಣಕ್ಕೆ ಬೇಡ. ಭಾಷಣಕ್ಕೆ ಕೊಟ್ಟರೆ ಮಾತು ಬಲ್ಲ ನಾಲ್ವರಿಗೇ ಅಂಕ ಹೋಗುತ್ತದೆ.

ಈಗ ಎಣಿಕೆ. ಮೊದಲು ರಾಜ್ಯವಾರು ಎಣಿಸಿ ಎಲೆಕ್ಟರುಗಳನ್ನು ಬರೆಯಿರಿ, ಆಮೇಲೆ ಪಕ್ಕದಲ್ಲಿ 21 ಮತಗಳ ಒಟ್ಟು ಲೆಕ್ಕ. ಎರಡು ಲೆಕ್ಕವೂ ಒಬ್ಬರನ್ನೇ ಗೆಲ್ಲಿಸಿದರೆ ಹಲಗೆಯ ಮೇಲೆ ಈ ಉದಾಹರಣೆ ಹಾಕಿ: 226ರ ತಂಡ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್‌ಗಳನ್ನು 2-1ರಲ್ಲಿ ಗೆದ್ದು, ಉಳಿದ ನಾಲ್ಕರಲ್ಲಿ 3-0 ಸೋತಿತು ಎನ್ನೋಣ. ಅವರಿಗೆ ಬಿದ್ದ ಮತ 6, ಎದುರಾಳಿಗೆ 15. ಎಲೆಕ್ಟರುಗಳು 270 ಮತ್ತು 268. ಆರು ಮತದವರು ಅಧ್ಯಕ್ಷರಾದರು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದು. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಿದ್ದಿತ್ತು. ಎಲೆಕ್ಟರುಗಳು ಟ್ರಂಪ್‌ಗೆ 304, ಅವರಿಗೆ 227. ಏಳು ಮಂದಿ ಎಲೆಕ್ಟರುಗಳು ಬೇರೆಯವರ ಹೆಸರಿಗೆ ಹಾಕಿದರು. 2000ದಲ್ಲಿ 25 ಎಲೆಕ್ಟರುಗಳಿದ್ದ ಫ್ಲಾರಿಡಾ 537 ಮತಗಳ ಅಂತರದಲ್ಲಿ ಜಾರ್ಜ್ ಬುಷ್ ಪಾಲಾಗಿ, ದೇಶದಲ್ಲಿ ಹೆಚ್ಚು ಮತ ಪಡೆದಿದ್ದ ಆಲ್ ಗೋರ್ ಸೋತರು. 2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರ 89 ಮತಗಳಲ್ಲಿ ತೀರ್ಮಾನವಾದದ್ದನ್ನು ಮನೆಯಲ್ಲಿ ಕೇಳಿದ ಮಕ್ಕಳಿಗೆ 537ರ ತೂಕ ತಿಳಿಯುತ್ತದೆ.

ಆಟದಲ್ಲಿ 269-269 ಬರಲೂಬಹುದು. ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಝೋನಾ 226ರ ತಂಡಕ್ಕೆ ಹೋಗಿ, ಉಳಿದ ನಾಲ್ಕು 219ರ ತಂಡಕ್ಕೆ ಬಂದರೆ ಹಾಗಾಗುತ್ತದೆ. ಆಗ ಗಾಬರಿಯಾಗಬೇಡಿ. ಅಮೆರಿಕದ ಸಂವಿಧಾನದಂತೆ ಪ್ರತಿನಿಧಿ ಸಭೆ ಆರಿಸುತ್ತದೆ, ಆದರೆ ರಾಜ್ಯಕ್ಕೆ ಒಂದೇ ಮತ, ಗೆಲ್ಲಲು 26 ರಾಜ್ಯ ಬೇಕು. ನಿಮ್ಮ ಏಳು ರಾಜ್ಯಗಳೂ ಒಂದೊಂದು ಮತ ಹಾಕಲಿ. ಒಂದು ಎಚ್ಚರಿಕೆ: ಆಟದಲ್ಲಿ ಎಲ್ಲ ರಾಜ್ಯಕ್ಕೂ ಮೂವರೇ ಮತದಾರರು ಇರುವುದು ಅನುಕೂಲಕ್ಕೆ. ನಿಜದಲ್ಲಿ ಜನಸಂಖ್ಯೆ ಬೇರೆ ಬೇರೆ ಎಂದು ಹೇಳದಿದ್ದರೆ ತಪ್ಪು ಕಲ್ಪನೆ ಉಳಿದುಬಿಡುತ್ತದೆ.

ಕೊನೆಯ 18 ನಿಮಿಷವನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ. ಚರ್ಚೆ ಉದ್ದವಾದರೆ ಒಂದು ಪ್ರಶ್ನೆ ಕಡಿಮೆ ಮಾಡಿ. ಮೊದಲು ಪಾತ್ರದಿಂದ ಇಳಿಸಿ: ಕಾರ್ಡು ಮೇಜಿನ ಮೇಲೆ ಮಗುಚಿ ಇಟ್ಟು, "ಪಾತ್ರವಾಗಿ ನಾನು ಹೀಗೆ ಮತ ಹಾಕಿದೆ, ನಾನಾಗಿ ಯೋಚಿಸಿದರೆ ಹೀಗೆ" ಎಂದು ಕೆಲವರು ಹೇಳಲಿ. ಪಾತ್ರದ ಮಾತಿಗಾಗಿ ಯಾರನ್ನೂ ಆಮೇಲೆ ಜಗಲಿಯಲ್ಲಿ ಚುಡಾಯಿಸದಂತೆ ಇದು ಕಾಯುತ್ತದೆ. ನಂತರ ಮೂರೇ ಪ್ರಶ್ನೆ. ಯಾರೂ ಬಾರದ ರಾಜ್ಯದ ಮತದಾರರಿಗೆ ಏನನ್ನಿಸಿತು? ಯಾವ ಭರವಸೆ ಎರಡು ಕಡೆ ಎರಡು ಥರ ಆಯಿತು? ಇಡೀ ದೇಶದ ಮತ ಕೂಡಿಸಿ ಎಣಿಸುವುದಿದ್ದರೆ ನಿಮ್ಮ 14 ಬೀಜ ಎಲ್ಲಿಗೆ ಹೋಗುತ್ತಿತ್ತು? ಮೂರನೆಯದರಲ್ಲಿ ಕ್ಯಾಲಿಫೋರ್ನಿಯಾ (54), ಟೆಕ್ಸಾಸ್ (40) ಹೆಸರು ತಾನಾಗಿ ಬರುತ್ತದೆ.

ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ), ಪಕ್ಷದ ಮಹಾಧಿವೇಶನ ಇವನ್ನು ಆಡಿಸಲು ಹೋಗಬೇಡಿ, ಹೇಳಿದರೆ ಸಾಕು. ದಿನಾಂಕಗಳೂ ಹಾಗೆಯೇ: 2024ರ ನವೆಂಬರ್ 5ಕ್ಕೆ ಜನರ ಮತ, ಡಿಸೆಂಬರ್ 17ಕ್ಕೆ ಎಲೆಕ್ಟರುಗಳ ಮತ, 2025ರ ಜನವರಿ 6ಕ್ಕೆ ಎಣಿಕೆ, 20ಕ್ಕೆ ಪ್ರಮಾಣವಚನ.

ಇನ್ನೊಂದು ದಿನ ಅರ್ಧ ಪೀರಿಯಡ್ ಸಿಕ್ಕಿದರೆ ನಮ್ಮ ರಾಷ್ಟ್ರಪತಿ ಚುನಾವಣೆಯನ್ನು ಪಕ್ಕದಲ್ಲಿಡಿ. ಇಲ್ಲೂ ಮತದಾರ ಮಂಡಳಿಯೇ: ಸಂಸತ್ತಿನ ಎರಡೂ ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಜನರ ಮುಂದೆ ಪ್ರಚಾರವಿಲ್ಲ, ಅಭ್ಯರ್ಥಿಗಳು ರಾಜಧಾನಿಯಿಂದ ರಾಜಧಾನಿಗೆ ಹೋಗಿ ಶಾಸಕರನ್ನೇ ಕಾಣುತ್ತಾರೆ. ಶಾಸಕರ ಒಂದು ಮತದ ಮೌಲ್ಯ ಗೊತ್ತು ಮಾಡುವುದು ಅವರ ರಾಜ್ಯದ 1971ರ ಜನಸಂಖ್ಯೆಯಿಂದ: ಅದನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಬೇಕು. ಕೇರಳದ 140 ಶಾಸಕರಿಗೆ ತಲಾ 152, ಕರ್ನಾಟಕದ 224 ಶಾಸಕರಿಗೆ ತಲಾ 131. ತಲಪಾಡಿ ಗಡಿಯ ಈಚೆ ಮಂಜೇಶ್ವರದ ಶಾಸಕರ ಮತಕ್ಕೆ 152, ಗಡಿ ದಾಟಿದರೆ 131. ದಿನಾ ಬಸ್ಸಿನಲ್ಲಿ ಆ ಗಡಿ ದಾಟುವ ಮಕ್ಕಳಿಗೆ ಈ ಲೆಕ್ಕ ಮಾಡಲು ಕೊಡಿ. ಕೇರಳದ 1971ರ ಜನಸಂಖ್ಯೆ 2,13,47,375.

ಕಾರ್ಡುಗಳನ್ನು ರಟ್ಟಿಗೆ ಅಂಟಿಸಿ ಎತ್ತಿಡಿ. ಎಲೆಕ್ಟರುಗಳ ಈ ಹಂಚಿಕೆ ಅಮೆರಿಕದ 2020ರ ಜನಗಣತಿಯದು, 2028ರ ಚುನಾವಣೆಗೂ ಇದೇ ಸಂಖ್ಯೆ. 226 ಮತ್ತು 219 ಎಂಬ ಆರಂಭದ ಅಂಕೆಗಳು ಮಾತ್ರ 2024ಕ್ಕೆ ಸೇರಿದವು, 2028ರ ಫಲಿತಾಂಶ ಬಂದ ಮೇಲೆ ತಿದ್ದಿಕೊಳ್ಳಿ.